ದಾನ ಬಂದ ರಕ್ತನಾಳ: ಕ್ರಿಮಿ ಸಾಯಬೇಕು, ಜೀವಕೋಶ ಉಳಿಯಬೇಕು

ಕಣ್ಣುದಾನ ಎಲ್ಲರಿಗೂ ಗೊತ್ತು. ಕಿಡ್ನಿ, ಲಿವರ್ ದಾನದ ಸುದ್ದಿಯೂ ಪೇಪರಿನಲ್ಲಿ ಆಗಾಗ ಬರುತ್ತದೆ. ಆದರೆ ತೀರಿಕೊಂಡವರ ರಕ್ತನಾಳವನ್ನೂ ತೆಗೆದು ಇನ್ನೊಬ್ಬರಿಗೆ ಹೊಲಿಯಬಹುದು ಅಂದರೆ, ಶಿವಮೊಗ್ಗದಲ್ಲಿ ನನ್ನ ಮೈಕ್ರೋಬಯಾಲಜಿ ಪಾಠ ಕೇಳುವ ಬಿ.ಎಸ್ಸಿ ಮಕ್ಕಳೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ಅದರಲ್ಲಿ ಕ್ರಿಮಿ ಇರಲ್ವಾ ಮೇಡಂ? ಕುದಿಸಿ ಹಾಕ್ತಾರಾ?"

ಕೇಳಬೇಕಾದ ಪ್ರಶ್ನೆಯೇ ಇದು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಜೊತೆಗೆ ನಾಳವೂ ಬೆಂದು ಹೋಗುತ್ತದೆ. ಹಾಗೇ ಬಿಟ್ಟರೆ ನಾಳ ಚೆನ್ನಾಗಿರುತ್ತದೆ, ಕ್ರಿಮಿಯೂ ಚೆನ್ನಾಗಿರುತ್ತದೆ. ಎರಡೂ ಜೀವ ಇರುವ ವಸ್ತುಗಳೇ. ಒಂದನ್ನು ಕೊಂದು ಇನ್ನೊಂದನ್ನು ಉಳಿಸುವುದು ಹೇಗೆ ಅನ್ನುವುದನ್ನು ವೈದ್ಯರು ಹಲವು ದಶಕ ತಲೆ ಕೆಡಿಸಿಕೊಂಡು ಕಂಡುಕೊಂಡಿದ್ದಾರೆ. ಇದರ ಬಗ್ಗೆ ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು, ಇಂಥ ನಾಳ ಯಾರಿಗೆ ಬೇಕು? ಹೊಟ್ಟೆಯ ಮಹಾಧಮನಿ ಊದಿಕೊಂಡವರಿಗೆ ಡೇಕ್ರಾನ್ ಎಂಬ ಬಟ್ಟೆಯ ಕೊಳವೆ ಹಾಕುತ್ತಾರೆ. ಹೆಚ್ಚಿನವರಿಗೆ ಅದು ಸರಿಯಾಗಿಯೇ ಕೂರುತ್ತದೆ. ಆದರೆ ಕೆಲವೊಮ್ಮೆ ಕೊಳವೆಗೇ ಸೋಂಕು ಹತ್ತುತ್ತದೆ. ಬ್ಯಾಕ್ಟೀರಿಯಾಗಳು ಬಟ್ಟೆಯ ಎಳೆಗೆ ಅಂಟಿಕೊಂಡು ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ, ಮಾತ್ರೆ ಇಂಜೆಕ್ಷನ್ ಯಾವುದೂ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಆಗ ಕೊಳವೆ ಕಿತ್ತು ಬೇರೆ ಹಾಕಬೇಕು, ಆದರೆ ಕೀವು ತುಂಬಿದ ಜಾಗಕ್ಕೆ ಮತ್ತೆ ಬಟ್ಟೆಯದ್ದನ್ನೇ ಹಾಕಿದರೆ ಅದಕ್ಕೂ ಹತ್ತುವ ಭಯ. ಅಂಥ ಜಾಗದಲ್ಲಿ ಮನುಷ್ಯರದೇ ನಾಳ ಸೋಂಕನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಹುಟ್ಟುವಾಗಲೇ ಸರಿಯಾಗಿ ಆಗಿರದ ಮಕ್ಕಳಿಗೆ ಕವಾಟದ (ವಾಲ್ವ್) ಸಮೇತ ನಾಳ ಬೇಕಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲಿನ ನಾಳ ಕಟ್ಟಿಕೊಂಡು, ಬೈಪಾಸ್ ಮಾಡಲು ಸ್ವಂತ ಕಾಲಿನ ಸಿರೆಯೂ ಉಳಿದಿಲ್ಲದವರೂ ಇದ್ದಾರೆ. ಲಿವರ್ ಕಸಿಯಲ್ಲೂ ಎಷ್ಟೋ ಸಲ ದಾನಿಯ ನಾಳದ ತುಂಡು ಇಟ್ಟೇ ರಕ್ತದ ದಾರಿ ಜೋಡಿಸುತ್ತಾರೆ.

ಇದು ನಿನ್ನೆ ಮೊನ್ನೆಯ ಯೋಚನೆಯೇನೂ ಅಲ್ಲ. ನಾಳಗಳನ್ನು ಹೊಲಿಯುವ, ಕಸಿ ಮಾಡುವ ಕೆಲಸಕ್ಕೆ ಅಲೆಕ್ಸಿಸ್ ಕ್ಯಾರೆಲ್‌ಗೆ 1912ರಲ್ಲೇ ನೊಬೆಲ್ ಬಂತು. 1948ರಲ್ಲಿ ಬಾಸ್ಟನ್‌ನ ರಾಬರ್ಟ್ ಗ್ರಾಸ್ ಸತ್ತವರ ಧಮನಿಯನ್ನು ರೋಗಿಗಳಿಗೆ ಹಾಕಿ ವರದಿ ಮಾಡಿದರು. 1951ರಲ್ಲಿ ಪ್ಯಾರಿಸ್‌ನ ಶಾರ್ಲ್ ದ್ಯುಬೋ ಊದಿಕೊಂಡ ಮಹಾಧಮನಿಯನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ದಾನದ ಧಮನಿ ಹೊಲಿದರು. 1962ರಲ್ಲಿ ಲಂಡನ್‌ನ ಡೊನಾಲ್ಡ್ ರಾಸ್, ಆಕ್ಲೆಂಡ್‌ನ ಬ್ರಯಾನ್ ಬ್ಯಾರಟ್ ಬಾಯ್ಸ್, ಇಬ್ಬರೂ ಕೆಲವೇ ವಾರಗಳ ಅಂತರದಲ್ಲಿ ದಾನದ ಹೃದಯ ಕವಾಟವನ್ನು ಅದರ ಜಾಗದಲ್ಲೇ ಕೂರಿಸಿದರು.

ಕೂರಿಸುವ ಕೈಚಳಕ ಬಂತು. ಶುಚಿ ಮಾಡುವುದು ಬರಲಿಲ್ಲ. ನಾಳ ತೆಗೆಯುವಾಗಲೇ ಅದಕ್ಕೆ ಕ್ರಿಮಿ ಹತ್ತಿರುತ್ತದೆ: ದಾನಿಯ ಚರ್ಮದಿಂದ, ಶ್ವಾಸನಾಳದಿಂದ, ಸತ್ತ ಮೇಲೆ ಕರುಳಿನಿಂದ ಹೊರಗೆ ನುಸುಳುವ ಬ್ಯಾಕ್ಟೀರಿಯಾಗಳಿಂದ. ಬಹು ಅಂಗ ದಾನದಲ್ಲಿ ಮೊದಲು ಅಂಗಗಳನ್ನು ತೆಗೆಯುತ್ತಾರೆ, ನಾಳದ ಸರದಿ ಬರುವುದು ಕೊನೆಗೆ. ಅಷ್ಟು ಹೊತ್ತಿಗೆ ಎಷ್ಟೋ ಕೈ ಆಡಿರುತ್ತದೆ. ಹಾಗಾಗಿ ಆ ಕಾಲದಲ್ಲಿ ಎಥಿಲೀನ್ ಆಕ್ಸೈಡ್ ಅನಿಲ ಹಾಯಿಸಿದರು, ಗಾಮಾ ಕಿರಣ ಬಿಟ್ಟರು, ಫಾರ್ಮಾಲಿನ್‌ನಲ್ಲಿ ನೆನೆಸಿದರು. ಕ್ರಿಮಿ ಪೂರ್ತಿ ಸತ್ತಿತು. ಆದರೆ ಹಾಗೆ ಮಾಡಿದ ಕವಾಟಗಳು ಕೆಲವೇ ವರ್ಷದಲ್ಲಿ ಪೆಡಸಾಗಿ ಹರಿದುಹೋದವು, ಕೆಲವದರಲ್ಲಿ ಸುಣ್ಣ ಕಟ್ಟಿತು. 1960ರ ದಶಕದ ಕೊನೆಗೆ ಬ್ಯಾರಟ್ ಬಾಯ್ಸ್ ತಂಡ ಇದನ್ನೆಲ್ಲ ಬಿಟ್ಟು ಆ್ಯಂಟಿಬಯಾಟಿಕ್ ದ್ರಾವಣದಲ್ಲಿ ನೆನೆಸುವ ದಾರಿಗೆ ಬಂತು. ಇವತ್ತಿಗೂ ದಾನದ ಅಂಗಾಂಶಗಳನ್ನು ಶುಚಿ ಮಾಡಿ ಕಾಪಿಡುವ ಹೆಚ್ಚಿನ ಟಿಶ್ಯೂ ಬ್ಯಾಂಕ್‌ಗಳು ಹಿಡಿದಿರುವುದು ಇದೇ ದಾರಿ.

ನಾಳದಲ್ಲಿ ಉಳಿಸಬೇಕಾದ್ದು ಅಷ್ಟೊಂದು ಏನಿದೆ ಅಂತ ಕೇಳಬಹುದು. ನೋಡಲು ಒಂದು ಕೊಳವೆ ತಾನೇ? ಅದರ ಗೋಡೆಯಲ್ಲಿ ಮೂರು ಪದರ ಇವೆ. ಹೊರಗಿನದು ಕೊಲ್ಲಾಜನ್ ನಾರು ತುಂಬಿದ ಹೊದಿಕೆ. ನಡುವೆ ಸ್ನಾಯು ಕೋಶಗಳು, ಜೊತೆಗೆ ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಇಲಾಸ್ಟಿನ್ ಎಳೆಗಳು. ಒಳಗೆ ರಕ್ತ ಮುಟ್ಟುವ ಕಡೆ ಎಂಡೋಥೀಲಿಯಂ. ಬರೀ ಒಂದು ಕೋಶದಷ್ಟು ದಪ್ಪ, ಬೆರಳು ತಾಗಿದರೆ ಕಿತ್ತು ಹೋಗುವಷ್ಟು ನಾಜೂಕು. ಬಹಳ ಕಾಲ ಇದನ್ನು ಸುಮ್ನೆ ಒಂದು ಅಸ್ತರಿ ಅಂದುಕೊಂಡಿದ್ದರು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಒಂದು ಸರಳ ಪ್ರಯೋಗದಲ್ಲಿ, ಈ ಪದರವನ್ನು ಉಜ್ಜಿ ತೆಗೆದರೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದಾಗ ನಾಳ ಸಡಿಲವಾಗುವುದೇ ಇಲ್ಲ ಅಂತ ತೋರಿಸಿದರು. ಸಡಿಲ ಮಾಡುವ ವಸ್ತುವನ್ನು ಈ ಪದರವೇ ಹುಟ್ಟಿಸುತ್ತದೆ, ಅದು ನೈಟ್ರಿಕ್ ಆಕ್ಸೈಡ್ ಅಂತ ಆಮೇಲೆ ಗೊತ್ತಾಯಿತು, 1998ರಲ್ಲಿ ಈ ಸಂಶೋಧನೆಗೆ ನೊಬೆಲ್ಲೂ ಬಂತು. ರಕ್ತ ಹೆಪ್ಪುಗಟ್ಟದಂತೆ ಕಾಯುವುದೂ ಇದೇ ಪದರ. ಇದು ಹೋದ ಕಡೆ ಅಡಿಯ ಕೊಲ್ಲಾಜನ್ ಬೆತ್ತಲಾಗುತ್ತದೆ, ಪ್ಲೇಟ್‌ಲೆಟ್‌ಗಳು ಬಂದು ಅಂಟುತ್ತವೆ. ಪೆನ್ಸಿಲ್‌ಗಿಂತ ಸಪೂರ ಇರುವ ನಾಳದಲ್ಲಿ ಅಷ್ಟು ಸಾಕು ದಾರಿ ಕಟ್ಟಲು.

ಈಗ ಔಷಧಿಯ ವಿಷಯ. ತೋಟ ಇರುವವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಅಡಿಕೆಗೆ ಕೊಳೆ ಬರಬಾರದು ಅಂತ ಮಳೆಗೆ ಮುಂಚೆ ಬೋರ್ಡೋ ಹೊಡೆಯುತ್ತೇವಲ್ಲ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಕೊಳೆಯನ್ನು ಕೊಲ್ಲುವುದು ತುತ್ತಿನಲ್ಲಿರುವ ತಾಮ್ರ. ಆದರೆ ಬರೀ ತುತ್ತು ಹೊಡೆದರೆ ಎಳೆ ಕೊನೆಯೂ ಸುಟ್ಟು ಹೋಗುತ್ತದೆ. ಅದಕ್ಕೇ ಸುಣ್ಣ ಹಾಕಿ ಹದ ಮಾಡಿ, ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ: ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ರೋಗಕ್ಕೆ ವಿಷ ಆಗಬೇಕು, ಗಿಡಕ್ಕೆ ಆಗಬಾರದು. ನಾಳವನ್ನು ನೆನೆಸುವ ದ್ರಾವಣದಲ್ಲೂ ಹುಡುಕುವುದು ಈ ಹದವನ್ನೇ.

ಅಲ್ಲಿ ಹದ ಸಿಗುವುದು ಬ್ಯಾಕ್ಟೀರಿಯಾಕ್ಕೂ ನಮ್ಮ ಕೋಶಕ್ಕೂ ಇರುವ ವ್ಯತ್ಯಾಸದಿಂದ. ಬ್ಯಾಕ್ಟೀರಿಯಾದ ಸುತ್ತ ಗಟ್ಟಿ ಕೋಶಗೋಡೆ ಇರುತ್ತದೆ, ನಮ್ಮ ಕೋಶಕ್ಕೆ ಅದು ಇಲ್ಲವೇ ಇಲ್ಲ. ವ್ಯಾಂಕೋಮೈಸಿನ್, ಸೆಫಾಕ್ಸಿಟಿನ್, ಇಮಿಪೆನೆಮ್ ಇವೆಲ್ಲ ಆ ಗೋಡೆ ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತವೆ. ನಮ್ಮ ಕೋಶದಲ್ಲಿ ಅವಕ್ಕೆ ಹಿಡಿಯಲು ಏನೂ ಇಲ್ಲ. ಜೆಂಟಾಮೈಸಿನ್, ಅಮಿಕಾಸಿನ್, ಲಿಂಕೋಮೈಸಿನ್ ಹೊಡೆಯುವುದು ಬ್ಯಾಕ್ಟೀರಿಯಾದ ರೈಬೋಸೋಮ್‌ಗೆ, ಅಂದರೆ ಪ್ರೋಟೀನ್ ತಯಾರಾಗುವ ಜಾಗಕ್ಕೆ. ಅದರ ರಚನೆ ನಮ್ಮದಕ್ಕಿಂತ ಬೇರೆ. ಪಾಲಿಮಿಕ್ಸಿನ್ ಬಿ ಕೆಲವು ಬ್ಯಾಕ್ಟೀರಿಯಾಗಳ ಹೊರ ಪೊರೆಯನ್ನು ಒಡೆಯುತ್ತದೆ. ಒಂದೇ ಔಷಧಿಗೆ ಎಲ್ಲ ಜಾತಿಯೂ ಬಗ್ಗುವುದಿಲ್ಲ, ಆದ್ದರಿಂದ ಮೂರೋ ನಾಲ್ಕೋ ಕೂಡಿಸಿ ಮಿಶ್ರಣ ಮಾಡುತ್ತಾರೆ. ಯಾವುದು, ಎಷ್ಟು ಅನ್ನುವುದು ಬ್ಯಾಂಕ್‌ನಿಂದ ಬ್ಯಾಂಕ್‌ಗೆ ಬೇರೆ.

ಇಷ್ಟಕ್ಕೆ ಮುಗಿಯುವುದಿಲ್ಲ. ನಮ್ಮ ಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಇದೆಯಲ್ಲ, ಅದು ಬಹಳ ಹಿಂದೆ ಬ್ಯಾಕ್ಟೀರಿಯಾವೇ ಆಗಿತ್ತು. ಅದರ ರೈಬೋಸೋಮ್ ಇನ್ನೂ ಬ್ಯಾಕ್ಟೀರಿಯಾದ್ದನ್ನೇ ಹೋಲುತ್ತದೆ. ಹಾಗಾಗಿ ಜೆಂಟಾಮೈಸಿನ್ ಥರದ ಔಷಧಿ ಜಾಸ್ತಿ ಆದರೆ, ಜಾಸ್ತಿ ಹೊತ್ತು ಇದ್ದರೆ, ನಮ್ಮ ಕೋಶಕ್ಕೂ ಏಟು ಬೀಳುತ್ತದೆ.

ಇದಕ್ಕಿಂತ ದೊಡ್ಡ ತಲೆನೋವು ಶಿಲೀಂಧ್ರದ್ದು. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿ, ಪುಸ್ತಕ, ಗೋಡೆ ಎಲ್ಲದಕ್ಕೂ ಬೂಸ್ಟು ಹಿಡಿಯುತ್ತದೆ, ಅದು ಗಾಳಿಯಲ್ಲೇ ಇರುತ್ತದೆ ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಶಿಲೀಂಧ್ರ ಬ್ಯಾಕ್ಟೀರಿಯಾಕ್ಕಿಂತ ನಮ್ಮ ಕೋಶಕ್ಕೇ ಹತ್ತಿರದ ಸಂಬಂಧಿ. ವ್ಯತ್ಯಾಸ ಕಡಿಮೆ ಇದ್ದಷ್ಟೂ ಆರಿಸಿ ಹೊಡೆಯುವುದು ಕಷ್ಟ. ಹಳೆಯ ಮಿಶ್ರಣಗಳಲ್ಲಿ ಆಂಫೋಟೆರಿಸಿನ್ ಬಿ ಹಾಕುತ್ತಿದ್ದರು. ಅದು ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೋಸ್ಟೆರಾಲ್‌ಗೆ ಅಂಟಿ ತೂತು ಮಾಡುತ್ತದೆ. ನಮ್ಮ ಪೊರೆಯಲ್ಲಿ ಎರ್ಗೋಸ್ಟೆರಾಲ್ ಬದಲು ಕೊಲೆಸ್ಟರಾಲ್ ಇದೆ, ಎರಡೂ ಒಂದನ್ನೊಂದು ಹೋಲುತ್ತವೆ, ಆಂಫೋಟೆರಿಸಿನ್ ಸ್ವಲ್ಪ ಮಟ್ಟಿಗೆ ಅದಕ್ಕೂ ಅಂಟುತ್ತದೆ. ಇದನ್ನು ಹಾಕಿದ ನಾಳ, ಕವಾಟಗಳಲ್ಲಿ ಬದುಕುಳಿದ ಕೋಶ ಕಡಿಮೆ ಅಂತ ಪರೀಕ್ಷೆಗಳಲ್ಲಿ ಕಂಡಿತು. ಕೆಲವು ಬ್ಯಾಂಕ್‌ಗಳು ಅದನ್ನು ಕೈಬಿಟ್ಟವು. ಶಿಲೀಂಧ್ರ ಕಂಡರೆ ಆ ನಾಳವನ್ನೇ ಎಸೆಯುವುದು ಒಳ್ಳೆಯದು ಅನ್ನುವ ತೀರ್ಮಾನ. ನನಗೂ ಅದೇ ಸರಿ ಅನಿಸುತ್ತದೆ. ಅಪರೂಪಕ್ಕೆ ಸಿಗುವ ಶಿಲೀಂಧ್ರಕ್ಕಾಗಿ ಎಲ್ಲ ನಾಳದ ಕೋಶಗಳನ್ನೂ ಸುಡುವುದು ಯಾಕೆ?

ಇನ್ನು ಉಷ್ಣಾಂಶ. ಇದನ್ನು ತರಗತಿಯಲ್ಲಿ ತೋರಿಸಿಯೇ ಹೇಳುತ್ತೇನೆ. ಎರಡು ಟೆಸ್ಟ್‌ಟ್ಯೂಬ್ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ಸಾರು), ಎರಡಕ್ಕೂ ಒಂದೇ ಬ್ಯಾಕ್ಟೀರಿಯಾ, ಒಂದೇ ಅಳತೆಯ ಪೆನಿಸಿಲಿನ್. ಒಂದನ್ನು 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ, ಇನ್ನೊಂದನ್ನು ಫ್ರಿಜ್‌ನಲ್ಲಿ ರಾತ್ರಿಯಿಡೀ ಇಡುತ್ತೇವೆ. ಬೆಳಗ್ಗೆ ಎರಡೂ ತಿಳಿಯಾಗಿಯೇ ಇರುತ್ತವೆ. ಹುಡುಗರು ಎರಡರಲ್ಲೂ ಬ್ಯಾಕ್ಟೀರಿಯಾ ಸತ್ತಿದೆ ಅನ್ನುತ್ತಾರೆ. ಔಷಧಿಯನ್ನು ತೊಳೆದು ತೆಗೆದು, ಒಂದೊಂದು ಹನಿಯನ್ನು ಅಗಾರ್ ಪ್ಲೇಟ್ ಮೇಲೆ ಹರಡಿ ಮತ್ತೊಂದು ದಿನ ಬಿಟ್ಟರೆ, ಫ್ರಿಜ್‌ನಿಂದ ಬಂದ ಪ್ಲೇಟ್ ತುಂಬ ಬ್ಯಾಕ್ಟೀರಿಯಾ ಗುಂಪಿನ ಚುಕ್ಕಿಗಳು ಎದ್ದಿರುತ್ತವೆ. ಕಾರಣ ಇಷ್ಟೇ: ಪೆನಿಸಿಲಿನ್ ಕೊಲ್ಲುವುದು ಹೊಸ ಗೋಡೆ ಕಟ್ಟುತ್ತಿರುವ, ಅಂದರೆ ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು. ಚಳಿಗೆ ಅದು ಬೆಳೆಯುವುದನ್ನೇ ನಿಲ್ಲಿಸಿ ಕೂತಿರುತ್ತದೆ.

ನಾಳವನ್ನು ನೆನೆಸುವವರಿಗೂ ಇದೇ ಇಕ್ಕಟ್ಟು. 4 ಡಿಗ್ರಿಯಲ್ಲಿ ಇಟ್ಟರೆ ನಾಳದ ಕೋಶಗಳು ಹೆಚ್ಚು ಹೊತ್ತು ತಡೆಯುತ್ತವೆ, ಆದರೆ ಔಷಧಿ ಅರ್ಧಂಬರ್ಧ ಕೆಲಸ ಮಾಡುತ್ತದೆ. 37 ಡಿಗ್ರಿಯಲ್ಲಿ ಔಷಧಿ ಚುರುಕು, ಆದರೆ ರಕ್ತ ಹರಿಯದೆ, ಆಮ್ಲಜನಕ ಸರಿಯಾಗಿ ಸಿಗದೆ ಕೋಶಗಳು ಬೇಗ ಸೊರಗುತ್ತವೆ. ಹಾಗಾಗಿ ಕೆಲವು ಬ್ಯಾಂಕ್‌ಗಳು ತಣ್ಣಗೆ ಒಂದು ದಿನವೋ ಎರಡು ದಿನವೋ ಇಡುತ್ತವೆ, ಕೆಲವು ಬೆಚ್ಚಗೆ ಕೆಲವೇ ಗಂಟೆ ಇಡುತ್ತವೆ. ಜಗತ್ತಿನಲ್ಲೆಲ್ಲ ಒಪ್ಪಿಕೊಂಡ ಒಂದೇ ಪದ್ಧತಿ ಇಲ್ಲ.

ಒಂದು ಅನುಕೂಲ ಮಾತ್ರ ಇದೆ. ಜೆಂಟಾಮೈಸಿನ್ ರೋಗಿಗೆ ಕೊಡುವಾಗ ಡಾಕ್ಟರು ಕಿಡ್ನಿ, ಕಿವಿ ಎರಡನ್ನೂ ನೆನಪಿಟ್ಟುಕೊಂಡು ಅಳೆದು ಕೊಡಬೇಕು. ಬಾಟಲಿಯಲ್ಲಿರುವ ನಾಳಕ್ಕೆ ಕಿಡ್ನಿಯೂ ಇಲ್ಲ, ಕಿವಿಯೂ ಇಲ್ಲ. ಆದ್ದರಿಂದ ರಕ್ತದಲ್ಲಿ ಇರಬಹುದಾದ್ದಕ್ಕಿಂತ ಎಷ್ಟೋ ಪಟ್ಟು ಗಟ್ಟಿ ದ್ರಾವಣ ಮಾಡಬಹುದು. ಆದರೆ ನೆನೆದ ಔಷಧಿ ಗೋಡೆಯೊಳಗೆ ಸ್ವಲ್ಪ ಉಳಿದೇ ಉಳಿಯುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಪೆನಿಸಿಲಿನ್ ಜಾತಿಯ ಔಷಧಿಗೆ ಅಲರ್ಜಿ ಇರುವ ರೋಗಿಗೆ ಇದು ಸಣ್ಣ ವಿಷಯ ಅಲ್ಲ, ಅದಕ್ಕೇ ನಾಳದ ಜೊತೆ ಬರುವ ಕಾಗದದಲ್ಲಿ ಯಾವ ಔಷಧಿಯಲ್ಲಿ ನೆನೆಸಿದ್ದು ಅಂತ ಬರೆದಿರುತ್ತಾರೆ.

ಕೆಲಸ ನಡೆಯುವ ರೀತಿ ಹೀಗೆ. ಐಸ್ ಪೆಟ್ಟಿಗೆಯಲ್ಲಿ ಬಂದ ನಾಳವನ್ನು ಶೋಧಿಸಿದ ಗಾಳಿ ಹಾಯುವ ಹುಡ್ ಒಳಗೆ ತೆಗೆಯುತ್ತಾರೆ. ಕೈಗೆ ಗ್ಲೌಸ್, ಸುತ್ತ ಸ್ಟೆರೈಲ್ ಬಟ್ಟೆ. ಹೊರಗಿನ ಕೊಬ್ಬು, ಬೇಡದ ಮಾಂಸದ ಎಳೆಗಳನ್ನು ಸಣ್ಣ ಕತ್ತರಿಯಿಂದ ಬಿಡಿಸುತ್ತಾರೆ, ಒಳಗಿನ ಪದರಕ್ಕೆ ಚಿಮುಟ ತಾಗದ ಹಾಗೆ. ಕವಲು ನಾಳಗಳ ಬಾಯಿ ಕಟ್ಟುತ್ತಾರೆ. ಒಳಗೆ ಉಳಿದ ರಕ್ತವನ್ನು ತೊಳೆಯುತ್ತಾರೆ, ಯಾಕೆಂದರೆ ಹೆಪ್ಪುಗಟ್ಟಿದ ರಕ್ತದ ಅಡಿಗೆ ಔಷಧಿ ಹೋಗುವುದಿಲ್ಲ. ಔಷಧಿ ಹಾಕುವ ಮೊದಲೇ ಒಂದು ಚೂರು ಕತ್ತರಿಸಿ ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೆ, ಕಳಿಸುತ್ತಾರೆ. ಆಮೇಲೆ ಕೋಶಗಳಿಗೆ ಬೇಕಾದ ಲವಣ, ಸಕ್ಕರೆ, ಅಮೈನೋ ಆಮ್ಲ ಇರುವ ತಿಳಿ ಕೆಂಪು ದ್ರವದಲ್ಲಿ ಔಷಧಿ ಬೆರೆಸಿ ನಾಳವನ್ನು ಮುಳುಗಿಸುತ್ತಾರೆ. ಕೆಂಪು ಬಣ್ಣ ಫೀನಾಲ್ ರೆಡ್‌ನದ್ದು. ದ್ರವ ಹುಳಿಯಾದರೆ ಹಳದಿಗೆ ತಿರುಗಿ ಎಚ್ಚರಿಸುತ್ತದೆ. ಸಮಯ ಮುಗಿದ ಮೇಲೆ ಚೆನ್ನಾಗಿ ತೊಳೆದು ಮತ್ತೊಂದು ಚೂರು ಕಲ್ಚರ್‌ಗೆ.

ಈ ಎರಡನೇ ಕಲ್ಚರ್‌ನಲ್ಲಿ ಮೋಸ ಹೋಗುವ ಅವಕಾಶ ಇದೆ. ಚೂರಿನಲ್ಲಿ ಉಳಿದ ಔಷಧಿ ಕಲ್ಚರ್ ಬಾಟಲಿಗೂ ಬಂದು, ಅಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ. ರಿಪೋರ್ಟ್ ಶುದ್ಧ ಅನ್ನುತ್ತದೆ, ಬ್ಯಾಕ್ಟೀರಿಯಾ ಬದುಕೇ ಇರುತ್ತದೆ. ತೊಳೆಯುವುದು, ಔಷಧಿಯನ್ನು ಹೀರಿಕೊಳ್ಳುವ ವಸ್ತು ಇರುವ ಕಲ್ಚರ್ ಬಾಟಲಿ ಬಳಸುವುದು, ಹಲವು ದಿನ ಕಾದು ನೋಡುವುದು, ಇವೆಲ್ಲ ಇದಕ್ಕೇ. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ತುಂಬ ಎಚ್ಚರ ಬೇಕಾದ ಹೆಜ್ಜೆ ಇದು.

ಕೋಶ ಬದುಕಿದೆಯಾ ಅಂತ ನೋಡುವ ಪರೀಕ್ಷೆಯೂ ಇದೆ, ಕಣ್ಣಾರೆ ಕಾಣುವಂಥದ್ದು. ಎಂಟಿಟಿ ಎಂಬ ಹಳದಿ ದ್ರವದಲ್ಲಿ ನಾಳದ ಚೂರನ್ನು ಹಾಕಿ ಬೆಚ್ಚಗೆ ಇಡುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಬಣ್ಣದ ಹರಳು ಮಾಡುತ್ತದೆ. ಕೆಲವು ಗಂಟೆಯಲ್ಲಿ ಬಿಳಿ ಚೂರು ನೇರಳೆಯಾದರೆ ಜೀವ ಇದೆ, ನೇರಳೆ ಬಾರದಿದ್ದರೆ ಇಲ್ಲ. ಬಣ್ಣ ಎಷ್ಟು ಗಾಢ ಅಂತ ಯಂತ್ರದಲ್ಲಿ ಅಳೆದು ಎರಡು ಮಿಶ್ರಣಗಳನ್ನು ಹೋಲಿಸಬಹುದು.

ಆ್ಯಂಟಿಬಯಾಟಿಕ್ ಮಾಡಲಾಗದ್ದೂ ಇದೆ, ಅದನ್ನು ಹೇಳದೆ ಬಿಡಬಾರದು. ವೈರಸ್‌ಗೆ ಇದು ಏನೂ ಮಾಡುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಇವನ್ನೆಲ್ಲ ದಾನಿಯ ರಕ್ತದಲ್ಲೇ ಪರೀಕ್ಷೆ ಮಾಡಿ ತಿಳಿಯಬೇಕು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ನಮ್ಮ ಮಂಗನ ಕಾಯಿಲೆಯೂ ವೈರಸ್‌ನದ್ದೇ. ಮೈತುಂಬ ಹರಡಿದ ಸೋಂಕಿನಿಂದ ತೀರಿಕೊಂಡವರಿಂದ ನಾಳ ತೆಗೆಯುವುದಿಲ್ಲ, ಅದಕ್ಕೇ ಮನೆಯವರನ್ನು ಕೂರಿಸಿಕೊಂಡು ಕಾಯಿಲೆಯ ಚರಿತ್ರೆ ಪೂರ್ತಿ ಕೇಳುತ್ತಾರೆ. ಆ ಹೊತ್ತಿನಲ್ಲಿ ಅಷ್ಟೊಂದು ಪ್ರಶ್ನೆ ಕೇಳುವುದು ಕಠಿಣ ಅನಿಸಬಹುದು, ಆದರೆ ಕೇಳಲೇಬೇಕು. ಕ್ಲಾಸ್ಟ್ರಿಡಿಯಂ ಥರದ ಬ್ಯಾಕ್ಟೀರಿಯಾಗಳು ಮಾಡುವ ಬೀಜಾಣುವೂ ಆ್ಯಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ, ಕ್ಷಯದ ಬ್ಯಾಕ್ಟೀರಿಯಾ ಕೂಡ ಇಷ್ಟು ಹೊತ್ತಿಗೆ ಸಾಯುವುದಿಲ್ಲ. ಮೊದಲ ಕಲ್ಚರ್‌ನಲ್ಲಿ ಇಂಥದ್ದು ಕಂಡರೆ ನಾಳವನ್ನು ಬಿಸಾಡುತ್ತಾರೆ. ಒಟ್ಟಿನಲ್ಲಿ ಇಲ್ಲಿ ನಡೆಯುವುದು ಕ್ರಿಮಿಯನ್ನು ಬಹಳ ಮಟ್ಟಿಗೆ ಇಳಿಸುವ ಕೆಲಸ. ಸಿರಿಂಜನ್ನು ಸ್ಟೆರಿಲೈಸ್ ಮಾಡಿದಷ್ಟು ಖಾತ್ರಿ ಇದರಲ್ಲಿ ಇಲ್ಲ.

ಶುಚಿಯಾದ ನಾಳವನ್ನು ಕೂಡಲೇ ಬಳಸದಿದ್ದರೆ ಘನೀಕರಿಸಿ ಇಡುತ್ತಾರೆ. ಸುಮ್ಮನೆ ಫ್ರೀಜರ್‌ಗೆ ಹಾಕಿದರೆ ಕೋಶದೊಳಗಿನ ನೀರು ಚೂಪು ಹರಳಾಗಿ ಕೋಶವನ್ನೇ ಸೀಳುತ್ತದೆ. ಅದಕ್ಕೆ ಸುಮಾರು 10% ಡಿಎಂಎಸ್‌ಒ ಎಂಬ ದ್ರವ ಬೆರೆಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ನಿಧಾನ ತಣ್ಣಗೆ ಮಾಡಿ, ದ್ರವ ಸಾರಜನಕದ ಆವಿಯಲ್ಲಿ ಇಡುತ್ತಾರೆ. ಕವಾಟಗಳನ್ನು ಹೀಗೆ ಇಟ್ಟು ಬಳಸುವುದನ್ನು 1975ರಲ್ಲಿ ಬ್ರಿಸ್ಬೇನ್‌ನ ಮಾರ್ಕ್ ಓಬ್ರಿಯನ್ ಶುರು ಮಾಡಿದರು.

ಇಷ್ಟು ಕಷ್ಟಪಟ್ಟು ಉಳಿಸಿದ ಕೋಶ ರೋಗಿಯ ಮೈಯಲ್ಲಿ ಎಷ್ಟು ಕಾಲ ಇರುತ್ತದೆ? ಈ ಬಗ್ಗೆ ವೈದ್ಯರಲ್ಲೇ ಎರಡು ಮಾತಿದೆ. ದಾನಿಯ ಕೋಶ ಬೇರೆಯವರದ್ದು, ರೋಗಿಯ ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತಿಸಿ ಮೇಲೆ ಬೀಳುತ್ತದೆ. ವರ್ಷಗಳ ನಂತರ ಹೊರತೆಗೆದ ಎಷ್ಟೋ ಕವಾಟಗಳಲ್ಲಿ ಕೋಶ ಹೆಚ್ಚೇನೂ ಉಳಿದಿರಲಿಲ್ಲ. ಹಾಗಾದರೆ ಕೋಶಗಳನ್ನು ಮೊದಲೇ ತೊಳೆದು ತೆಗೆದು, ಬರೀ ನಾರಿನ ಚೌಕಟ್ಟು ಹಾಕಿದರೆ ಒಳ್ಳೆಯದಲ್ವಾ ಅನ್ನುವವರಿದ್ದಾರೆ, ಆ ದಾರಿಯಲ್ಲೂ ಒಳ್ಳೆಯ ಕೆಲಸ ನಡೆದಿದೆ. ಅಗಲದ ಮಹಾಧಮನಿಯಲ್ಲಿ ಕೋಶ ಇಲ್ಲದಿದ್ದರೂ ರಕ್ತ ರಭಸದಿಂದ ಹರಿಯುತ್ತದೆ, ಕಟ್ಟಿಕೊಳ್ಳುವ ಭಯ ಕಡಿಮೆ. ಆದರೆ ಕಾಲಿನ ಸಪೂರ ಸಿರೆಯಲ್ಲಿ ಮೊದಲ ದಿನಗಳೇ ಮುಖ್ಯ, ಅಲ್ಲಿ ಒಳ ಪದರ ಇದ್ದಷ್ಟೂ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇನ್ನೊಂದು ಕಾರಣವೂ ಇದೆ. ಕೋಶ ಸಾಯದಷ್ಟು ಮೆತ್ತಗೆ ನಡೆಸಿಕೊಂಡ ನಾಳದಲ್ಲಿ ಕೊಲ್ಲಾಜನ್, ಇಲಾಸ್ಟಿನ್ ಎಳೆಗಳೂ ಕೆಟ್ಟಿರುವುದಿಲ್ಲ. ಹಳೆಯ ಅನಿಲ, ಕಿರಣಗಳ ಕಾಲದಲ್ಲಿ ಹಾಳಾಗಿದ್ದು ಆ ಎಳೆಗಳೂ ಕೂಡ.

ನಮ್ಮ ಮಲೆನಾಡಿಗೆ ಇದರಲ್ಲಿ ಒಂದು ವಿಶೇಷ ಇದೆ, ದೂರದ ವಿಷಯ. ತೆಗೆದ ಹೃದಯವನ್ನು ಸುಮಾರು ನಾಲ್ಕು ಗಂಟೆಯೊಳಗೆ ಇನ್ನೊಬ್ಬರ ಎದೆಗೆ ಸೇರಿಸಬೇಕು. ಶಿವಮೊಗ್ಗದಿಂದ ಬೆಂಗಳೂರಿಗೇ 300 ಕಿಲೋಮೀಟರ್, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಇನ್ನೂ ದೂರ, ಮಳೆಗಾಲದ ರಸ್ತೆ ಬೇರೆ. ಕವಾಟ, ನಾಳಗಳಿಗೆ ಅಷ್ಟು ಅವಸರ ಇಲ್ಲ. ಶವವನ್ನು ಬೇಗ ತಣ್ಣಗಿಟ್ಟಿದ್ದರೆ 24 ಗಂಟೆಯೊಳಗೆ ತೆಗೆಯಬಹುದು ಅಂತ ಹೊರದೇಶದ ಹಲವು ಬ್ಯಾಂಕ್‌ಗಳ ನಿಯಮ ಹೇಳುತ್ತದೆ. ತೆಗೆದ ಮೇಲೂ ತಣ್ಣನೆಯ ದ್ರವದಲ್ಲಿ ಇಟ್ಟು ಸಾಗಿಸಲು ಸಮಯ ಸಿಗುತ್ತದೆ. ಹೃದಯ ಕಸಿಗೆ ಹೊಂದದಿದ್ದರೂ ಅದರ ಕವಾಟ ಮತ್ತು ನಾಳ ಉಪಯೋಗಕ್ಕೆ ಬರಬಹುದು. 2021ರ ಜೂನ್‌ನಲ್ಲಿ ನಮ್ಮ ಕಡೂರು ತಾಲ್ಲೂಕಿನ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡಾಗ ಮನೆಯವರು ಅಂಗದಾನಕ್ಕೆ ಒಪ್ಪಿದರು. ಕಿಡ್ನಿ, ಲಿವರ್, ಕಣ್ಣಿನ ಜೊತೆ ಹೃದಯದ ಕವಾಟಗಳನ್ನೂ ತೆಗೆದುಕೊಂಡರು.

ಕವಾಟ, ನಾಳ ಜೋಪಾನ ಮಾಡುವ ಬ್ಯಾಂಕ್‌ಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ದೆಹಲಿಯ ಏಮ್ಸ್‌ನದ್ದು ಅದರಲ್ಲಿ ಹಳೆಯದು. ಹುಡ್, ಔಷಧಿ, ದ್ರವ ಸಾರಜನಕ, ಒಳ್ಳೆಯ ಮೈಕ್ರೋಬಯಾಲಜಿ ಲ್ಯಾಬ್, ಕೆಲಸ ಬಲ್ಲವರು, ಇಷ್ಟು ಬೇಕು. ಮೆಡಿಕಲ್ ಕಾಲೇಜು ಇರುವ ಊರಿಗೆ ಇದು ಅಸಾಧ್ಯ ಅಂತ ನನಗೆ ಅನಿಸುವುದಿಲ್ಲ. ಬ್ಯಾಂಕ್ ದೂರ ಇದ್ದರೂ ನಾಳ ತೆಗೆದು ತಣ್ಣಗಿಟ್ಟು ಕಳಿಸುವ ತಂಡವಾದರೂ ಜಿಲ್ಲೆಯಲ್ಲಿ ಇರಬೇಕು.

ಕಾನೂನಿನ ಕಡೆಯಿಂದ ತೊಡಕಿಲ್ಲ. ಅಂಗಾಂಗ ಕಸಿಯ 1994ರ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ಅಂಗಾಂಶವನ್ನೂ ಸೇರಿಸಿದರು, 2014ರಲ್ಲಿ ನಿಯಮಗಳು ಬಂದವು. ನಮ್ಮ ರಾಜ್ಯದಲ್ಲಿ ದಾನದ ಕೆಲಸವನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ಆ ನಿಯಮಗಳ ಪ್ರಕಾರ ನಾವು ಬದುಕಿರುವಾಗಲೇ ತುಂಬಿ ಕೊಡಬಹುದಾದ ಪ್ರತಿಜ್ಞೆಯ ಅರ್ಜಿ ನಮೂನೆ 7. ಅದರಲ್ಲಿ ಅಂಗಗಳದ್ದು ಒಂದು ಪಟ್ಟಿ, ಅಂಗಾಂಶಗಳದ್ದು ಬೇರೆ ಪಟ್ಟಿ ಇದೆ. ಹೆಚ್ಚಿನವರು ಕಣ್ಣಿಗೆ ಗುರುತು ಹಾಕಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದೇ ಪಟ್ಟಿಯಲ್ಲಿ ಚರ್ಮ, ಮೂಳೆ, ಹೃದಯ ಕವಾಟ, ರಕ್ತನಾಳ ಎಲ್ಲವೂ ಬೇರೆ ಬೇರೆಯಾಗಿ ಇವೆ. ತುಂಬುವಾಗ ಅದನ್ನೂ ಓದಿ, ಯಾವುದಕ್ಕೆ ಗುರುತು ಹಾಕಿದ್ದೀರಿ ಅಂತ ಮನೆಯವರಿಗೂ ಹೇಳಿಡಿ, ಯಾಕೆಂದರೆ ಕೊನೆಗೆ ಒಪ್ಪಿಗೆ ಕೇಳುವುದು ಅವರನ್ನೇ.